ಬುದ್ಧರೂ ಒಬ್ಬರೇ ಎತ್ತಲಿಲ್ಲ

*ಇಂದಿನ ಧಮ್ಮ ಚಿಂತನೆ*



ನಮ್ಮ ಬಳಗದ ಒಬ್ಬ ಉಪಾಸಿಕೆ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದವರು ಕೇಳಿದರು: "ಒಬ್ಬ ಅಜ್ಜನ ಮೇಲೆ ರೇಗಿಬಿಟ್ಟೆ. ನನ್ನಲ್ಲಿ ಕರುಣೆ ಬತ್ತಿಹೋಯಿತಾ?" ಆ ರಾತ್ರಿ ಇಡೀ ವಾರ್ಡಿಗೆ ಅವರೊಬ್ಬರೇ. ಡ್ರಿಪ್ ಬದಲಿಸಬೇಕು, ಇಂಜೆಕ್ಷನ್ ಕೊಡಬೇಕು, ರೆಕಾರ್ಡ್ ಬರೆಯಬೇಕು, ರೋಗಿಯ ಕಡೆಯವರ ಬೈಗುಳವನ್ನೂ ಕೇಳಬೇಕು.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭೇದಿಯಿಂದ ನರಳುತ್ತಿದ್ದ ಒಬ್ಬ ಭಿಕ್ಖು ತನ್ನ ಮಲಮೂತ್ರದಲ್ಲೇ ಬಿದ್ದಿದ್ದರು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಬುದ್ಧರು ನೀರು ಹೊಯ್ದರು, ಆನಂದರು ತೊಳೆದರು. ಬುದ್ಧರು ತಲೆಯ ಕಡೆ, ಆನಂದರು ಕಾಲಿನ ಕಡೆ ಹಿಡಿದು ಮಂಚದ ಮೇಲೆ ಮಲಗಿಸಿದರು. ಯಾವ ಕೆಲಸವನ್ನು ಈ ನಾಡು ನಮ್ಮ ಹಿರಿಯರ ಹುಟ್ಟಿಗೆ ಕಟ್ಟಿಹಾಕಿತ್ತೋ, ಅದನ್ನು ಬುದ್ಧರು ತಮ್ಮ ಕೈಯಾರೆ ಮಾಡಿದರು.

ಒಂದು ಮಾತು ಗಮನಿಸಿ. ಬುದ್ಧರೂ ಒಬ್ಬರೇ ಎತ್ತಲಿಲ್ಲ. ಆಮೇಲೆ ಅವರು ಪ್ರಶ್ನೆ ಕೇಳಿದ್ದು ಇಡೀ ಸಂಘವನ್ನು: ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡಿಕೊಳ್ಳುತ್ತಾರೆ?

ಔಷಧಿ ತೆಗೆದುಕೊಳ್ಳದ, ನೋವು ತಾಳಲಾರದ ರೋಗಿಯ ಆರೈಕೆ ಕಷ್ಟ ಎಂದೂ ಬುದ್ಧರು ಅಲ್ಲೇ ಹೇಳಿದ್ದಾರೆ. ಕಷ್ಟವನ್ನು ಕಷ್ಟ ಎನ್ನುವುದು ಕರುಣೆಯ ಕೊರತೆಯಲ್ಲ. ತೀರಿಕೊಂಡ ಭಿಕ್ಖುವಿನ ಪಾತ್ರೆ ಮತ್ತು ಚೀವರವನ್ನು ಆರೈಕೆ ಮಾಡಿದವರಿಗೆ ಕೊಡಬೇಕೆಂಬ ನಿಯಮವೂ ಅಲ್ಲಿದೆ. ಸೇವೆ ಎಂದು ಹೊಗಳಿ ಬರಿಗೈಯಲ್ಲಿ ಕಳಿಸುವುದು ಧಮ್ಮವಲ್ಲ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ದಣಿದ ಕಾರ್ಮಿಕರಿಗೆ ಬರೀ ತಾಳ್ಮೆಯ ಉಪದೇಶ ಕೊಡಲಿಲ್ಲ, ದುಡಿಮೆಯ ಅವಧಿ ಇಳಿಸಲು ಶ್ರಮಿಸಿದರು. 1946ರ ಕಾರ್ಖಾನೆ ತಿದ್ದುಪಡಿ ಕಾಯ್ದೆ ವಾರಕ್ಕೆ 54 ಗಂಟೆಯ ಮಿತಿಯನ್ನು 48ಕ್ಕೆ ತಂದಿತು.

ಆದ್ದರಿಂದ ತಂಗಿ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯುತ್ತೀಯಲ್ಲ, ಆಗ ಮೂರು ಉಸಿರು ಗಮನಿಸು. ಸಿಟ್ಟು ಬಂದರೆ ಬಂದಿದೆ ಎಂದು ನೋಡು. ಅಜ್ಜನ ಬಳಿ ಹೋಗಿ ಒಂದು ಒಳ್ಳೆಯ ಮಾತಾಡು. ಆದರೆ ಆನಾಪಾನವು ಇನ್ನೊಬ್ಬ ನರ್ಸ್‌ನ ಜಾಗ ತುಂಬಲಾರದು. ಸಹೋದ್ಯೋಗಿಗಳ ಜೊತೆ ಸೇರಿ ಸಿಬ್ಬಂದಿ ಕೇಳು, ವಾರದ ರಜೆ ಕೇಳು. ಅದೂ ಸಮ್ಯಕ್ ವಾಚಾ.

*ಇಂದಿನ ಸಂಕಲ್ಪ:* ನಮ್ಮ ಮನೆಯಲ್ಲಿ, ಬೀದಿಯಲ್ಲಿ ನರ್ಸ್ ಇದ್ದರೆ ಇವತ್ತು ಅವರ ಒಂದು ಕೆಲಸ ನಾವು ಮಾಡೋಣ. ರಾತ್ರಿ ಪಾಳಿಯಿಂದ ಬಂದವರನ್ನು ನಿದ್ದೆ ಮಾಡಲು ಬಿಡೋಣ. ಕಾಲಿನ ಕಡೆ ಹಿಡಿಯುವ ಆನಂದರು ನಾವಾಗೋಣ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.