ಜಡೆಯೂ ಛಾಯಾಚಿತ್ರವೂ

ಧರ್ಮಸೂಕ್ಷ್ಮವೆಂಬುದು ರಾಜಸಭೆಯಲ್ಲಿಯೂ ರಣರಂಗದಲ್ಲಿಯೂ ಮಾತ್ರ ಕಾಣಿಸಿಕೊಳ್ಳತಕ್ಕ ವಸ್ತುವೆಂದು ಭಾವಿಸುವುದು ವಾಡಿಕೆ. ಬಹುಮಂದಿಯ ಬಾಳಿನಲ್ಲಿಯಾದರೋ ಅದು ಹಿತ್ತಿಲ ಜಗಲಿಯಲ್ಲಿ, ಕನ್ನಡಿಯ ಮುಂದೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಎದುರಾಗುತ್ತದೆ. ಹತ್ತನೆಯ ತರಗತಿಯ ಗುಂಪು ಛಾಯಾಚಿತ್ರಕ್ಕೆ ದಿನ ಗೊತ್ತಾಗಿದೆ. ಸೊಂಟ ಮುಟ್ಟುವ ಜಡೆಯುಳ್ಳ ಹುಡುಗಿ ಅದಕ್ಕೆ ಮೊದಲೇ ಕೂದಲನ್ನು ಹೆಗಲಿನ ಮಟ್ಟಕ್ಕೆ ಕತ್ತರಿಸಿಕೊಳ್ಳಬೇಕೆನ್ನುತ್ತಾಳೆ. "ಫೋಟೋ ಒಂದು ಆಗಲಿ, ಆಮೇಲೆ ನೋಡೋಣ" ಎಂದು ತಾಯಿ ತಡೆಯುತ್ತಾಳೆ. ಇಂಥ ಮನೆಗಳು ನಾಡಿನಲ್ಲಿ ಎಷ್ಟೋ ಉಂಟು. ಮನೆಯ ಹಿರಿಯರು ಇದನ್ನು ಮಕ್ಕಳ ಹಟವೆಂದು ನಕ್ಕು ಬಿಡಬಹುದು. ಆದರೆ ದೇಹ ಯಾರದು, ನೆನಪು ಯಾರದು, ತಾನು ಯಾರೆಂಬುದನ್ನು ಗೊತ್ತುಮಾಡತಕ್ಕವರು ಯಾರು ಎಂಬ ಮೂರು ದೊಡ್ಡ ಪ್ರಶ್ನೆಗಳು ಈ ಸಣ್ಣ ಜಗಳದೊಳಗೆ ಹೆಣೆದುಕೊಂಡಿವೆ. ಅವುಗಳ ಎಳೆಗಳನ್ನು ಬಿಡಿಸಿ ನೋಡುವುದು ವ್ಯರ್ಥಶ್ರಮವಾಗಲಾರದು.

ಮೊದಲು ಕೇಶದ ಸ್ವಭಾವವನ್ನೇ ವಿಚಾರಿಸಬೇಕು. ದೇಹಕ್ಕೆ ಸೇರಿದ ವಸ್ತುಗಳಲ್ಲಿ ಅದೊಂದು ವಿಚಿತ್ರ. ಅದರ ಬೇರು ಜೀವಂತ, ಹೊರಗೆ ಕಾಣುವ ಎಳೆ ನಿರ್ಜೀವ. ಕತ್ತರಿಸಿದರೆ ನೋವಿಲ್ಲ, ರಕ್ತವಿಲ್ಲ. ತಲೆಗೂದಲು ತಿಂಗಳಿಗೆ ಸುಮಾರು ಒಂದರಿಂದ ಒಂದೂಕಾಲು ಸೆಂಟಿಮೀಟರಿನಷ್ಟು, ವರ್ಷಕ್ಕೆ ಹೆಚ್ಚು ಕಡಮೆ ಅರ್ಧ ಅಡಿಯಷ್ಟು ಬೆಳೆಯುತ್ತದೆ. ಹದಿನೈದು ವರ್ಷದ ಹುಡುಗಿಯ ಜಡೆಯ ತುದಿಯಲ್ಲಿರುವ ಎಳೆ ಚಿಗುರಿದಾಗ ಅವಳಿಗೆ ಒಂಬತ್ತೋ ಹತ್ತೋ ವರ್ಷ. ಆದುದರಿಂದ ಜಡೆಯೆಂಬುದು ಬರಿಯ ಕೂದಲಲ್ಲ. ಅದು ಅಳೆಯಬಹುದಾದ ಕಾಲ. ಅಷ್ಟು ಕಾಲವೂ ಅದಕ್ಕೆ ಎಣ್ಣೆ ಹಚ್ಚಿ, ಸೀಗೆಪುಡಿಯಿಂದ ತೊಳೆದು, ಸಿಕ್ಕು ಬಿಡಿಸಿ ಹೆಣೆದ ಕೈ ಬಹುಮಟ್ಟಿಗೆ ತಾಯಿಯದು. ಬೆಳೆದ ತಲೆ ಮಗಳದು, ಬೆಳೆಸಿದ ಕೈ ತಾಯಿಯದು ಎಂದಾಗ ಸ್ವಾಮ್ಯದ ಪ್ರಶ್ನೆ ಅಷ್ಟು ಸುಲಭವಾಗಿ ತೀರುವುದಿಲ್ಲ.

ಇಷ್ಟಾದರೂ ಕತ್ತರಿಸಿದ ಕೂದಲು ಮತ್ತೆ ಬೆಳೆಯುತ್ತದೆ. ಮೂರು ನಾಲ್ಕು ವರ್ಷ ಕಾದರೆ ಹೋದ ಜಡೆ ಹಿಂದಿರುಗುತ್ತದೆ. ಹಾಗಿರುವಾಗ ಅದರ ವಿಷಯದಲ್ಲಿ ಇಷ್ಟು ಕಳವಳವೇಕೆ? ಇಲ್ಲಿಯೇ ಛಾಯಾಚಿತ್ರವು ತನ್ನ ಕೆಲಸ ಮಾಡುತ್ತದೆ. ಕೂದಲು ಬೆಳೆಯುತ್ತದೆ, ಚಿತ್ರ ಬೆಳೆಯುವುದಿಲ್ಲ. ಒಂದು ದಿನದ ಒಂದು ಕ್ಷಣವನ್ನು ಹಿಡಿದು ಅದನ್ನು ಆ ವಯಸ್ಸಿನ ಪ್ರತಿನಿಧಿಯಾಗಿ ಕೂರಿಸುವುದು ಅದರ ಧರ್ಮ. ತಿದ್ದಬಹುದಾದ ಕಾರ್ಯವನ್ನು ಅದು ತಿದ್ದಲಾಗದ ದಾಖಲೆಯನ್ನಾಗಿ ಮಾಡುತ್ತದೆ. ತಾಯಿಮಕ್ಕಳ ವಿವಾದ ನಿಜವಾಗಿ ಕತ್ತರಿಯನ್ನು ಕುರಿತದ್ದಲ್ಲ. ಮುಂದೆ ಗೋಡೆಯ ಮೇಲೆ ಯಾವ ಹುಡುಗಿ ಉಳಿಯಬೇಕೆಂಬುದನ್ನು ಕುರಿತದ್ದು.

ಜಡೆಗೂ ಛಾಯಾಚಿತ್ರಕ್ಕೂ ಕನ್ನಡನಾಡಿನಲ್ಲಿ ಹಳೆಯ ನಂಟು. ಮಲ್ಲಿಗೆಯ ಮೊಗ್ಗನ್ನು ಸಾಲಾಗಿ ಹೊಲಿದು, ಕುಚ್ಚು ಇಳಿಬಿಟ್ಟು, ಮೊಗ್ಗಿನ ಜಡೆ ಹಾಕಿಸಿ ಹೆಣ್ಣುಮಗಳನ್ನು ಸ್ಟುಡಿಯೋಗೆ ಕರೆದೊಯ್ಯುವುದು ಅನೇಕ ಮನೆಗಳಲ್ಲಿ ಒಂದು ಸಣ್ಣ ಉತ್ಸವವೇ ಆಗಿತ್ತು. ಮುಖವೂ ಕಾಣಬೇಕು, ಬೆನ್ನ ಮೇಲಿನ ಜಡೆಯೂ ಕಾಣಬೇಕು. ಅದಕ್ಕಾಗಿ ಛಾಯಾಗ್ರಾಹಕನು ಹುಡುಗಿಯ ಹಿಂದೆ ನಿಲುವುಗನ್ನಡಿಯನ್ನಿಟ್ಟು ಒಂದೇ ಪಟದಲ್ಲಿ ಎರಡನ್ನೂ ತೋರಿಸುತ್ತಿದ್ದನು. ಆ ಚಿತ್ರಗಳನ್ನು ಈಗ ನೋಡುವವರಿಗೆ ಒಂದು ಸಂಗತಿ ಹೊಳೆಯದಿರದು: ಹುಡುಗಿ ನೋಡುತ್ತಿರುವುದು ಮುಂದಕ್ಕೆ, ಮನೆಯವರು ಕಾಪಾಡಿಟ್ಟಿರುವುದು ಕನ್ನಡಿಯೊಳಗಿನ ಜಡೆಯನ್ನು. ಅದರಲ್ಲಿ ಪ್ರೀತಿಯೂ ಉಂಟು, ಒಡೆತನದ ಛಾಯೆಯೂ ಉಂಟು. ಎರಡನ್ನೂ ಒಪ್ಪಿಕೊಂಡಲ್ಲದೆ ತಾಯಿಯ ಪಕ್ಷಕ್ಕೆ ನ್ಯಾಯ ಸಲ್ಲದು.

ಕೇಶವನ್ನು ಮನುಷ್ಯನ ಮಾನದ ಗುರುತಾಗಿ ಎಣಿಸುವುದು ಬಹಳ ಪ್ರಾಚೀನ. ಸಭೆಯಲ್ಲಿ ಎಳೆಯಲ್ಪಟ್ಟ ದ್ರೌಪದಿಯ ಮುಡಿ ರನ್ನನ ಗದಾಯುದ್ಧದಲ್ಲಿ ಭೀಮನ ಪ್ರತಿಜ್ಞೆಗೆ ಕೇಂದ್ರ. ಮುದ್ರಾರಾಕ್ಷಸದಲ್ಲಿ ಚಾಣಕ್ಯನ ಬಿಚ್ಚಿದ ಶಿಖೆ ಒಂದು ರಾಜವಂಶದ ನಾಶಕ್ಕೆ ಸಂಕೇತ. ಗುರುತಾದುದರಿಂದಲೇ ಅಧಿಕಾರದಲ್ಲಿರುವವರ ಕೈ ಮೊದಲು ಅದರ ಮೇಲೆ ಬೀಳುತ್ತದೆ. 1645ರಲ್ಲಿ ಚೀನಾದೇಶವನ್ನು ಗೆದ್ದ ಮಂಚೂ ಅರಸರು, ಮುಂದಲೆಯನ್ನು ಬೋಳಿಸಿ ಹಿಂದೆ ಜಡೆ ಬಿಡದ ಗಂಡಸರಿಗೆ ಮರಣದಂಡನೆಯೆಂದು ವಿಧಿಸಿದರು. ಇನ್ನೂರೈವತ್ತು ವರ್ಷಗಳಲ್ಲಿ ಆ ಹೇರಿಕೆಯೇ ಅಭ್ಯಾಸವಾಗಿ, ಅಭ್ಯಾಸವೇ ಅಭಿಮಾನವಾಯಿತು. 1911ರ ಕ್ರಾಂತಿಯ ತರುವಾಯ ಕ್ರಾಂತಿಕಾರರ ಸೈನಿಕರು ಬೀದಿಯಲ್ಲಿ ಹೋಗುವವರನ್ನು ಹಿಡಿದು ಅದೇ ಜಡೆಯನ್ನು ಬಲಾತ್ಕಾರದಿಂದ ಕತ್ತರಿಸಿದರು. ಒಮ್ಮೆ ಬಿಡಿಸಿದ್ದೂ ಬಲಾತ್ಕಾರ, ಒಮ್ಮೆ ತೆಗೆಸಿದ್ದೂ ಬಲಾತ್ಕಾರ. ಉದ್ದಗೂದಲು ಸಂಪ್ರದಾಯದ ಪಕ್ಷ, ಮೋಟುಗೂದಲು ಸ್ವಾತಂತ್ರ್ಯದ ಪಕ್ಷ ಎಂದು ಕಣ್ಣು ಮುಚ್ಚಿ ಹಂಚಿಬಿಡುವವರು ಈ ಉದಾಹರಣೆಯನ್ನು ಲಕ್ಷ್ಯದಲ್ಲಿಡಬೇಕು.

ಶಾಲೆ, ಕತ್ತರಿ, ಛಾಯಾಚಿತ್ರ ಈ ಮೂರೂ ಒಟ್ಟಿಗೆ ಸೇರಿದ ದುಃಖಕರವಾದ ಪ್ರಸಂಗವೊಂದು ಅಮೆರಿಕೆಯ ಚರಿತ್ರೆಯಲ್ಲಿ ದೊರೆಯುತ್ತದೆ. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ದೂರವಿರಿಸಿ 'ನಾಗರಿಕ'ರನ್ನಾಗಿ ಮಾಡುವುದಕ್ಕೆಂದು ಪೆನ್ಸಿಲ್ವೇನಿಯ ಪ್ರಾಂತದ ಕಾರ್ಲೈಲ್‌ನಲ್ಲಿ 1879ರಲ್ಲಿ ಒಂದು ವಸತಿಶಾಲೆ ಸ್ಥಾಪಿತವಾಯಿತು. 1918ರ ವರೆಗೆ ನಡೆಯಿತು. ಬಂದ ಮಕ್ಕಳ ಉದ್ದಗೂದಲನ್ನು ಕತ್ತರಿಸುವುದು ಅಲ್ಲಿ ಆರಂಭದ ವಿಧಿ. ಸೇರುವಾಗ ಒಂದು ಚಿತ್ರ, ಕೂದಲು ಕತ್ತರಿಸಿ ಕೋಟು ತೊಡಿಸಿದ ಮೇಲೆ ಮತ್ತೊಂದು ಚಿತ್ರ ತೆಗೆಸಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಶಾಲೆಯ ಸಾಧನೆಯೆಂದು ಪ್ರಚುರಪಡಿಸುತ್ತಿದ್ದರು. ನವಾಹೊ ಜನಾಂಗದ ಟಾಮ್ ಟಾರ್ಲಿನೊ ಎಂಬ ತರುಣನ 1882ರ ಮತ್ತು 1885ರ ಜೋಡಿಚಿತ್ರ ಇವುಗಳಲ್ಲಿ ಅತ್ಯಂತ ಪ್ರಸಿದ್ಧ. ಇಂಡಿಯಾನ ಪ್ರಾಂತದ ಬೇರೊಂದು ಶಾಲೆಯಲ್ಲಿ ಓದಿದ ಜಿತ್ಕಾಲಾ-ಶಾ ಎಂಬ ಲೇಖಕಿ 1900ರಲ್ಲಿ ಪ್ರಕಟಿಸಿದ ತನ್ನ ಬಾಲ್ಯದ ವೃತ್ತಾಂತದಲ್ಲಿ, ಮಂಚದ ಕೆಳಗೆ ಅಡಗಿದ್ದ ತನ್ನನ್ನು ಹೊರಗೆಳೆದು ಕುರ್ಚಿಗೆ ಕಟ್ಟಿ ಜಡೆ ಕತ್ತರಿಸಿದ ದಿನವನ್ನು ವರ್ಣಿಸಿದ್ದಾಳೆ. ಆಕೆಯ ಜನರಲ್ಲಿ ಮೋಟುಗೂದಲು ಸಾವಿನ ಶೋಕದಲ್ಲಿರುವವರಿಗೂ, ಕತ್ತರಿಸಿ ಹಾಳುಗೆಡಿಸಿದ ಕೂದಲು ಹೇಡಿಗಳಿಗೂ ಸಲ್ಲತಕ್ಕ ಗುರುತು. ಶಾಲೆಯವರಿಗೆ ಅದು ಶುಚಿತ್ವ. ಮಗುವಿಗೆ ಅದು ಅವಮಾನ.

ಇಷ್ಟು ದೂರ ಹೋಗಬೇಕಾದುದೂ ಇಲ್ಲ. ಗಂಡ ಸತ್ತವಳ ತಲೆಯನ್ನು ಬೋಳಿಸುವ ಆಚಾರ ಕನ್ನಡನಾಡಿನ ಕೆಲವು ಮನೆಗಳಲ್ಲಿಯೇ ಶಾಸ್ತ್ರದ ಹೆಸರಿನಲ್ಲಿ ನಡೆದುಬಂದಿತ್ತು. ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ 'ಫಣಿಯಮ್ಮ' ಕಾದಂಬರಿಯನ್ನು ಓದಿದವರಿಗೆ, ಬಾಲ್ಯದಲ್ಲಿಯೇ ತಲೆ ಕೊಟ್ಟ ಹೆಂಗಸೊಬ್ಬಳು ಮುಂದೆ ಇನ್ನೊಬ್ಬ ತರುಣಿಯ ನಿರಾಕರಣೆಯ ಪಕ್ಷ ವಹಿಸಿದುದರ ಬೆಲೆ ಎಷ್ಟೆಂಬುದು ತಿಳಿದಿದೆ. ಇವೆಲ್ಲದರಿಂದ ಒಂದು ಮಾತು ನಿಲ್ಲುತ್ತದೆ: ಒಪ್ಪಿಗೆಯಿಲ್ಲದೆ ಒಬ್ಬರ ಕೂದಲನ್ನು ತೆಗೆಯುವುದು ನೋವಿಲ್ಲದ ಹಿಂಸೆ. ಅಷ್ಟೇ ಅಲ್ಲ, ಒಪ್ಪಿಗೆಯಿಲ್ಲದೆ ಉಳಿಸುವಂತೆ ಕಟ್ಟುಮಾಡುವುದೂ ಅದೇ ಜಾತಿಗೆ ಸೇರಿದುದು, ಪ್ರಮಾಣದಲ್ಲಿ ಮಾತ್ರ ಕಡಮೆ.

ಹಾಗಾದರೆ ಹುಡುಗಿಯ ಇಚ್ಛೆಯೇ ಪ್ರಮಾಣವೆಂದು ಇಲ್ಲಿಗೆ ಮುಗಿಸಬಹುದಲ್ಲವೆ? ಅಷ್ಟು ಅವಸರ ಸಲ್ಲದು. ಇಚ್ಛೆ ತನ್ನದೋ ಪರರದೋ ಎಂಬುದನ್ನು ಕಂಡುಕೊಳ್ಳುವುದು ಕಷ್ಟ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧೀಜಿಯವರು ತಮ್ಮ ಶಿಖೆಯನ್ನು ತಾವೇ ತೆಗೆಸಿಕೊಂಡರು. ಯಾರ ಬಲಾತ್ಕಾರವೂ ಇರಲಿಲ್ಲ. ಬರಿದಲೆಯಲ್ಲಿ ಇರುವಾಗ ಆಂಗ್ಲರು ಕಂಡು ನಕ್ಕಾರೆಂಬ ಭಯವಿತ್ತು. ಮುಂದೆ ದಕ್ಷಿಣ ಆಫ್ರಿಕದಲ್ಲಿ, ಶ್ರದ್ಧೆಯಿಂದ ಶಿಖೆಯನ್ನಿಟ್ಟಿದ್ದ ತಮ್ಮ ಬಂಧು ಛಗನಲಾಲ ಗಾಂಧಿಯವರಿಂದಲೂ, ಸಾರ್ವಜನಿಕ ಕೆಲಸಕ್ಕೆ ಅದು ಅಡ್ಡಿಯಾದೀತೆಂದು, ಅದನ್ನು ತೆಗೆಸಿದರು. 1915ರಲ್ಲಿ ಹರಿದ್ವಾರದ ಕುಂಭಮೇಳದ ಯಾತ್ರೆಯಲ್ಲಿ ಸನ್ಯಾಸಿಯೊಬ್ಬರು ಕೇಳಿದಾಗ, ಯಜ್ಞೋಪವೀತವನ್ನು ಧರಿಸುವುದಕ್ಕೆ ತಮಗೆ ಕಾರಣ ಕಾಣದೆಂದೂ, ಶಿಖೆಯನ್ನು ಬಿಟ್ಟುದಕ್ಕೆ ಮಾತ್ರ ಹೇಡಿತನವೇ ಕಾರಣವೆಂದೂ ಒಪ್ಪಿಕೊಂಡು ಅದನ್ನು ಮತ್ತೆ ಬೆಳೆಸಲು ನಿಶ್ಚಯಿಸಿದರು. ಈ ವಿವೇಚನೆ ಗಮನಾರ್ಹ. ಶಿಖೆ ಪವಿತ್ರವೋ ಅಲ್ಲವೋ ಎಂಬುದು ಅವರ ಪ್ರಶ್ನೆಯಲ್ಲ. ಯಾವ ಭಾವದಿಂದ ಬಿಟ್ಟೆನೆಂಬುದು ಪ್ರಶ್ನೆ. ಒಬ್ಬನೇ ಮನುಷ್ಯನು ಎರಡು ಗುರುತುಗಳಲ್ಲಿ ಒಂದನ್ನು ವಿಚಾರದಿಂದ ಬಿಟ್ಟು, ಇನ್ನೊಂದನ್ನು ಭಯದಿಂದ ಬಿಟ್ಟಿದ್ದನು. ಮೊದಲನೆಯದು ಹಾಗೆಯೇ ನಿಂತಿತು, ಎರಡನೆಯದು ಹಿಂದಿರುಗಿತು.

ಈ ಅಳತೆಗೋಲನ್ನು ಪ್ರಕೃತ ವಿಷಯಕ್ಕೆ ಹಿಡಿಯಬಹುದು. ಜಡೆಯನ್ನು ಕಂಡು ತರಗತಿಯವರು ಹಳ್ಳಿಯವಳೆಂದು ಹಾಸ್ಯಮಾಡುತ್ತಾರೆ, ಚಿತ್ರದಲ್ಲಿ ಒಬ್ಬಳೇ ಬೇರೆಯಾಗಿ ಕಂಡೇನು ಎಂಬುದು ಕಾರಣವಾದರೆ, ಕತ್ತರಿಯನ್ನು ಹಿಡಿದವರು ಹಾಸ್ಯಮಾಡಿದವರೇ ಹೊರತು ಹುಡುಗಿಯಲ್ಲ. ತಲೆ ತೊಳೆದ ದಿನ ಶಾಲೆಗೆ ತಡವಾಗುತ್ತದೆ, ಕತ್ತು ಸೋಲುತ್ತದೆ, ಆಟಕ್ಕೆ ಅಡ್ಡಿಯಾಗುತ್ತದೆ, ಅಥವಾ ಕನ್ನಡಿಯಲ್ಲಿ ತನಗೆ ತಾನು ಹಾಗೆಯೇ ಒಪ್ಪುತ್ತೇನೆ ಎಂಬುದು ಕಾರಣವಾದರೆ, ಅದು ಸ್ವಂತದ್ದು. ಕೊನೆಯ ಕಾರಣವನ್ನು ಕ್ಷುಲ್ಲಕವೆನ್ನಲಾಗದು. ಮೊಗ್ಗಿನ ಜಡೆಯ ಚಿತ್ರಕ್ಕೆ ಒಪ್ಪವೇ ಕಾರಣವಾಗಬಹುದಾದರೆ ಮೋಟುಗೂದಲಿನ ಚಿತ್ರಕ್ಕೂ ಆಗಬಹುದು.

ಚಿತ್ರಕ್ಕೆ ಮೊದಲು ಕೂದಲು ಕತ್ತರಿಸುವುದು ಒಂದು ಬಗೆಯ ಸುಳ್ಳು, ಹತ್ತು ವರ್ಷ ಸಹಪಾಠಿಗಳು ಕಂಡ ಹುಡುಗಿ ಜಡೆಯ ಹುಡುಗಿಯಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಮಾತಿನಲ್ಲಿ ಸ್ವಲ್ಪ ಸತ್ಯವುಂಟು. ಆದರೆ ಚಿತ್ರದ ದಿನ ಎಲ್ಲರೂ ಇಸ್ತ್ರಿಯ ಬಟ್ಟೆ ತೊಡುತ್ತಾರೆ. ದಿನವೂ ಕೆದರಿರುವ ತಲೆ ಅಂದು ಬಾಚಿರುತ್ತದೆ. ಅಲಂಕಾರವೆಲ್ಲ ಸುಳ್ಳಾದರೆ ಗುಂಪು ಚಿತ್ರಗಳೆಲ್ಲ ಸುಳ್ಳೇ. ಇರುವುದನ್ನು ಓರಣಗೊಳಿಸುವುದು ಒಂದು, ಇಲ್ಲದುದನ್ನು ನಟಿಸುವುದು ಇನ್ನೊಂದು. ಹುಡುಗಿ ಚಿತ್ರವಾದ ಮೇಲೂ ಹೆಗಲಿನ ಮಟ್ಟದ ಕೂದಲಿನಿಂದಲೇ ಬಾಳುವವಳಾದರೆ ಅಲ್ಲಿ ನಟನೆಯಿಲ್ಲ. ಆ ಚಿತ್ರ ಹೋದ ಹತ್ತು ವರ್ಷಗಳ ಸಾಕ್ಷಿಯಾಗದೆ ಬರುವ ವರ್ಷಗಳ ಮುನ್ನುಡಿಯಾಗುತ್ತದೆ, ಅಷ್ಟೆ. ಯಾವುದು ಬೇಕೆಂಬುದು ರುಚಿಯ ಪ್ರಶ್ನೆ, ಸತ್ಯದ ಪ್ರಶ್ನೆಯಲ್ಲ.

ಇನ್ನೊಂದು ಸುಲಭವಾದ ಪರೀಕ್ಷೆಯುಂಟು. ಛಾಯಾಗ್ರಾಹಕನು ಆ ದಿನ ಬರಲೇ ಇಲ್ಲವೆಂದು ಭಾವಿಸಿಕೊಳ್ಳಬೇಕು. ಕತ್ತರಿಸಿದ ಕೂದಲಿಗಾಗಿ ಆಗ ಹುಡುಗಿ ಮರುಗುವಳೆ? ಮರುಗುವಳಾದರೆ ಅವಳು ಕತ್ತರಿಸಲು ಹೊರಟದ್ದು ಪಟಕ್ಕಾಗಿ. ಐದಾರು ವರ್ಷದ ಬೆಳೆಯನ್ನು ಒಂದು ಕ್ಷಣಕ್ಕೆ ಕೊಡುವ ಮೊದಲು ಕಾಯುವುದು ಲೇಸು. ಮರುಗಳಾದರೆ ಪಟವು ನೆಪಮಾತ್ರ, ನಿರ್ಧಾರ ಹಣ್ಣಾಗಿದೆ. ಇದೇ ಪರೀಕ್ಷೆಯನ್ನು ತಾಯಿಯೂ ತನಗೆ ಒಡ್ಡಿಕೊಳ್ಳಬೇಕು. ಪಟವೇ ಇಲ್ಲದಿದ್ದರೂ ಜಡೆ ಹೋಗುವುದು ಅವಳಿಗೆ ಸಂಕಟವೆ? ಹೌದಾದರೆ ಅವಳು ಉಳಿಸಿಕೊಳ್ಳಬಯಸುವುದು ಚಿತ್ರವನ್ನಲ್ಲ. ಪ್ರತಿದಿನ ಬೆಳಗ್ಗೆ ಮಗಳು ಬೆನ್ನು ತಿರುಗಿಸಿ ತನ್ನ ಮುಂದೆ ಕುಳಿತುಕೊಳ್ಳುವ ಹದಿನೈದು ನಿಮಿಷವನ್ನು. ಬೆಳೆದ ಮಕ್ಕಳು ಮನೆಯವರ ಕೈಗೆ ಹಾಗೆ ಸಿಕ್ಕುವ ಹೊತ್ತು ಬೇರೆ ಬಹಳವಿಲ್ಲ. ಅದು ದೊಡ್ಡ ನಷ್ಟವೇ ಸರಿ. ಆದರೆ ಅದನ್ನು ಅದೇ ಹೆಸರಿನಿಂದ ಹೇಳಬೇಕು. 'ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ' ಎಂದರೆ ಮಗಳು ವಾದಿಸುತ್ತಾಳೆ. 'ನನಗೆ ಬೆಳಗಿನ ಹೊತ್ತು ಬರಿದಾಗುತ್ತದೆ' ಎಂದರೆ ಕೇಳುತ್ತಾಳೆ.

ಶಾಲೆಯ ಅಧಿಕಾರ ಇದರಲ್ಲಿ ಅಲ್ಪ. ತಲೆ ಶುಚಿಯಾಗಿರಲೆಂದು, ಕೂದಲು ಕಣ್ಣಿಗೆ ಬೀಳದಿರಲೆಂದು ಹೇಳುವುದು ಅದಕ್ಕೆ ಸಲ್ಲುತ್ತದೆ. ಸಾಲು ಒಂದೇ ಸಮನಾಗಿ ಕಾಣಬೇಕೆಂಬುದಕ್ಕಾಗಿ ಹುಡುಗರ ಕೂದಲನ್ನಾಗಲಿ ಹುಡುಗಿಯರ ಜಡೆಯನ್ನಾಗಲಿ ಅಳೆಯಹೊರಡುವುದು ಸಲ್ಲುವುದಿಲ್ಲ. ಕ್ಯಾಲಿಫೋರ್ನಿಯ ಪ್ರಾಂತವು 2019ರಲ್ಲಿ, ಜನಾಂಗಕ್ಕೆ ಸಹಜವಾದ ಕೇಶರೀತಿಯ ಕಾರಣದಿಂದ ಶಾಲೆಗಳಲ್ಲಿಯೂ ಉದ್ಯೋಗಗಳಲ್ಲಿಯೂ ಭೇದವೆಣಿಸಕೂಡದೆಂದು ಶಾಸನ ಮಾಡಬೇಕಾಗಿ ಬಂದುದನ್ನು ನೋಡಿದರೆ, ಈ ದೌರ್ಬಲ್ಯ ಕಾರ್ಲೈಲ್ ಶಾಲೆಯೊಂದಿಗೆ ಮುಗಿದಿಲ್ಲವೆಂಬುದು ಸ್ಪಷ್ಟ.

ಫಲಿತಾರ್ಥವಿಷ್ಟು. ಯಾರ ತಲೆಯ ಮೇಲೆ ಕೂದಲಿದೆಯೋ ಕೊನೆಯ ಮಾತು ಅವರದು. ಆದರೆ ಕೊನೆಯ ಮಾತು ಅವರದೆಂದರೆ ಅದಕ್ಕೆ ಮೊದಲಿನ ಮಾತುಗಳು ಬೇಡವೆಂದಲ್ಲ. ಹಿರಿಯರಿಗೆ ತಮ್ಮ ವ್ಯಥೆಯನ್ನು ಹೇಳುವ ಹಕ್ಕುಂಟು, ಒಂದು ವಾರ ತಾಳೆಂದು ಕೇಳುವ ಹಕ್ಕುಂಟು; ಅಳುವಿನಿಂದಲೋ ಆಣೆಯಿಂದಲೋ ಕಟ್ಟಿಹಾಕುವ ಹಕ್ಕಿಲ್ಲ. ಕಿರಿಯರಿಗೆ ನಿರ್ಧರಿಸುವ ಹಕ್ಕುಂಟು. ವರ್ಷಗಟ್ಟಲೆ ಸಿಕ್ಕು ಬಿಡಿಸಿದ ಕೈಗೆ ತಿಳಿಸದೆ ಮುಗಿಸಿ ಬರುವುದು ಹಕ್ಕಿನೊಳಗಿದ್ದರೂ ಸೌಜನ್ಯದೊಳಗಿಲ್ಲ. ಹಿಂದಿನ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನೂ ಎಸೆಯದೆ ಸುತ್ತಿಟ್ಟು ಚೌರಿ ಮಾಡಿಸುತ್ತಿದ್ದರು. ಈಗಲೂ ಕತ್ತರಿಸಿದ ಜಡೆಯನ್ನು, ಚಿಕಿತ್ಸೆಯಿಂದ ಕೂದಲು ಕಳೆದುಕೊಂಡ ಕ್ಯಾನ್ಸರ್ ರೋಗಿಗಳ ಟೋಪನ್ನಿಗೆ ಕೊಡುವವರಿದ್ದಾರೆ. ತಾಯಿ ತಾನೇ ಕೊನೆಯ ಸಲ ಜಡೆ ಹೆಣೆದು ಎರಡು ತುದಿಯನ್ನೂ ದಾರದಿಂದ ಬಿಗಿದು ಕೊಟ್ಟು, ಮಗಳು ಅದನ್ನು ಕತ್ತರಿಸಿಕೊಳ್ಳುವುದಾದರೆ, ಅಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಮುಂದೆ ಆ ಚಿತ್ರವನ್ನು ನೋಡುವವರು ಕೂದಲಿನ ಅಳತೆಯನ್ನು ಕೇಳಲಾರರು. ಆ ಹುಡುಗಿ ಚಿತ್ರಕ್ಕೆ ನಿಂತಾಗ ಅಳುಕಿದ್ದಳೋ ನೆಟ್ಟಗಿದ್ದಳೋ ಎಂಬುದು ಮಾತ್ರ ಅವಳ ಮುಖದಲ್ಲಿ ಅವರಿಗೆ ಕಂಡೀತು.