*ಇಂದಿನ ಧಮ್ಮ ಚಿಂತನೆ: ಕಲ್ಲಿನೊಳಗಿನ ಹರಳು*




ಕಳೆದ ವಾರ ಮಕ್ಕಳನ್ನು ಬೆಂಗಳೂರು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ಲಾಲ್‌ಬಾಗ್ ಬಂಡೆಯ ಮೇಲೆ ನಿಂತು, ಇದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು, "ಮೇಡಂ, ಕಲ್ಲಿಗೆ ಜನನ ಪತ್ರ ಯಾರು ಬರೆದುಕೊಟ್ಟರು?" ಎಂದು ಕೇಳಿದಳು. ಕನ್ನಡ ಎಂ.ಎ. ಓದಿದ ನಾನು ಹಲ್ಮಿಡಿ ಶಾಸನದ ಕಾಲ ಹೇಳಬಲ್ಲೆ. ಕಲ್ಲಿನ ಕಾಲ ಹೇಗೆ ತಿಳಿಯುತ್ತದೆಂದು ಗೊತ್ತಿರಲಿಲ್ಲ. ಉತ್ತರ ಹೇಳಿದ್ದು ನಮ್ಮ ವಿಜ್ಞಾನದ ಮೇಷ್ಟ್ರು.

ಇಂಥ ಬಂಡೆಗಳಲ್ಲಿ ಜಿರ್ಕಾನ್ ಎಂಬ ಹರಳುಗಳಿರುತ್ತವೆ. ಎಷ್ಟೋ ಹರಳುಗಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ಕರಗಿದ ಶಿಲೆ ತಣ್ಣಗಾಗುವಾಗ ಹುಟ್ಟುವ ಈ ಹರಳು ಸ್ವಲ್ಪ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಸೀಸವನ್ನು ಹೆಚ್ಚುಕಡಿಮೆ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆದರೆ ಆ ಯುರೇನಿಯಂ ಹಾಗೇ ಉಳಿಯುವುದಿಲ್ಲ, ನಿಧಾನವಾಗಿ ತಾನೇ ಸೀಸವಾಗುತ್ತದೆ. ಅದರ ಮುಖ್ಯ ಬಗೆಯಲ್ಲಿ ಅರ್ಧ ಭಾಗ ಹೀಗೆ ಬದಲಾಗಲು ಸುಮಾರು 450 ಕೋಟಿ ವರ್ಷ ಬೇಕು. ಉಳಿದ ಯುರೇನಿಯಂ ಎಷ್ಟು, ಹುಟ್ಟಿದ ಸೀಸ ಎಷ್ಟು ಎಂದು ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಒಂದು ಹರಳಿಗೆ ಸುಮಾರು 440 ಕೋಟಿ ವರ್ಷ. ಅದು ಹುಟ್ಟಿದ ಬಂಡೆ ಎಂದೋ ಸವೆದುಹೋಗಿದೆ, ಹರಳು ಉಳಿದಿದೆ.

ಅಷ್ಟು ಗಟ್ಟಿಯಾದದ್ದರ ಒಳಗೂ ಅನಿಚ್ಚ ನಡೆದೇ ಇದೆ. ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಮಳೆ, ಗಾಳಿ, ಹೊಳೆಯ ಹೊಡೆತಕ್ಕೆ ಜಗ್ಗದ ಈ ಹರಳನ್ನು ಒಳಗಿನ ಯುರೇನಿಯಂ ಸಡಿಲಗೊಳಿಸುತ್ತದಂತೆ. ಅದು ಹೊಮ್ಮಿಸುವ ಕಣಗಳು ಹರಳಿನ ಕಟ್ಟನ್ನು ಒಳಗಿಂದಲೇ ಮುರಿಯುತ್ತಾ ಬರುತ್ತವೆ.

ಆಗ ನನಗೆ ಅಂಗುತ್ತರ ನಿಕಾಯದ ಲೇಖ ಸುತ್ತ ನೆನಪಾಯಿತು. ಕೋಪಿಸಿಕೊಳ್ಳುವವರನ್ನು ಬುದ್ಧರು ಮೂರು ಬಗೆಯ ಗೆರೆಗೆ ಹೋಲಿಸುತ್ತಾರೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಕಲ್ಲಿನ ಗೆರೆಯಂಥವರ ಕೋಪ ಬಹುಕಾಲ ಅಳಿಯುವುದಿಲ್ಲ.

ನಾನು ಆ ಮೊದಲನೇ ಬಗೆಯವಳು. ಅಪ್ಪ ಹಾಸಿಗೆ ಹಿಡಿದಿದ್ದಾಗ ನೋಡಿಕೊಂಡವಳು ಅಕ್ಕ. ಅವರು ತೀರಿಕೊಂಡ ದಿನ ಎಲ್ಲರೆದುರು, "ನಿನಗೆ ಅಪ್ಪ ಬೇಕಾಗಿದ್ದು ರಜೆ ಇದ್ದಾಗ ಮಾತ್ರ" ಎಂದಳು. ಒಂಬತ್ತು ವರ್ಷ ನಾನು ಅವಳ ಜೊತೆ ಮಾತಾಡಲಿಲ್ಲ. ಅವಳು ಕೊಟ್ಟದ್ದು ಒಂದೇ ಒಂದು ಮಾತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು, ಅದಕ್ಕೇ ಅಷ್ಟು ನೋವಾಯಿತು. ಅದನ್ನು ಒಳಗಿಟ್ಟುಕೊಂಡು ದಿನಾ ಸೀಸ ಮಾಡಿಕೊಂಡವಳು ನಾನು. ಆ ಭಾರ ಅಕ್ಕ ಕೊಟ್ಟದ್ದಲ್ಲ. ಸವೆದದ್ದೂ ಅಕ್ಕ ಅಲ್ಲ, ನಾನೇ.

ಬಂಧುಗಳೇ, ಹರಳಿಗೆ ಒಳಗಿರುವುದನ್ನು ಕೈಬಿಡಲು ಬಾರದು. ನಮಗೆ ಬರುತ್ತದೆ. ಧಮ್ಮದ ಅಭ್ಯಾಸ ಇರುವುದೇ ಅದಕ್ಕೆ.

ನಿನ್ನೆ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇವತ್ತು ಮತ್ತೆ ಮಾಡುತ್ತೇನೆ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಉಸಿರನ್ನು ಗಮನಿಸುತ್ತಾ ಕುಳಿತುಕೊಳ್ಳಿ. ಬಹಳ ವರ್ಷದಿಂದ ಒಳಗಿಟ್ಟುಕೊಂಡಿರುವ ಒಂದು ಮಾತನ್ನು ನೆನೆಯಿರಿ. ಅದನ್ನು ಆಡಿದವರಿಗೆ ಮೈತ್ರಿಯನ್ನು ಹಾರೈಸಿ. ಸಾಧ್ಯವಾದರೆ ಒಂದು ಫೋನ್ ಮಾಡಿ.

ಭವತು ಸಬ್ಬ ಮಂಗಳಂ 🪷