ಸಾಕ್ಷಿಗೂ ಕಾಣದ ಸೀಸ

ಆದವಾನಿಯ ನವಾಬ ಸಿದ್ದಿ ಮಸೂದ್ ಖಾನ್ ತಟ್ಟೆಯಲ್ಲಿ ಮಾಂಸವಿಟ್ಟು, ಬಟ್ಟೆ ಮುಚ್ಚಿ, ರಾಘವೇಂದ್ರ ಸ್ವಾಮಿಗಳ ಮುಂದಿಟ್ಟನಂತೆ. ರಾಯರು ತೀರ್ಥ ಪ್ರೋಕ್ಷಿಸಿ ಬಟ್ಟೆ ತೆಗೆಸಿದಾಗ ಒಳಗೆ ಹೂವು, ಹಣ್ಣು. ಕರ್ನೂಲು ಜಿಲ್ಲೆಯ ಪಶ್ಚಿಮ ಸೀಮೆಯಲ್ಲಿ ಈ ಕಥೆ ಮನೆಮಾತು. ನವಾಬ ಆಮೇಲೆ ಬಿಟ್ಟುಕೊಟ್ಟನೆನ್ನುವ ತುಂಗಭದ್ರೆಯ ದಡದ ಮಂಚಾಲೆಯೇ ಇಂದಿನ ಮಂತ್ರಾಲಯ. 1671ರಲ್ಲಿ ರಾಯರು ಅಲ್ಲಿಯೇ ಬೃಂದಾವನಸ್ಥರಾದರು.

ಆರೋಗ್ಯ ಬೇಡಿ ಅಲ್ಲಿಗೆ ಹೋಗುವ ಕನ್ನಡಿಗರು ಬಹಳ. ಅದೇ ರಾಯರು ಜಯತೀರ್ಥರ ‘ನ್ಯಾಯಸುಧೆ’ಗೆ ‘ಪರಿಮಳ’ ಎಂಬ ವ್ಯಾಖ್ಯಾನ ಬರೆದ ಕಟ್ಟುನಿಟ್ಟಿನ ತಾರ್ಕಿಕರು ಎಂಬುದು ಸೇವೆಯ ಸಾಲಿನಲ್ಲಿ ನೆನಪಾಗುವುದು ಕಡಿಮೆ. ಯಾವ ತಿಳಿವನ್ನು ನಂಬಬೇಕು, ಏಕೆ ನಂಬಬೇಕು ಎಂದು ರಾಯರ ಮಾಧ್ವ ಪರಂಪರೆ ಪಟ್ಟುಹಿಡಿದು ಕೇಳಿದೆ. ರಕ್ತದೊಳಗಿನ ಸೀಸದ ಮುಂದೆ ಆ ಪ್ರಶ್ನೆಗೆ ಹೊಸ ತುರ್ತು ಬರುತ್ತದೆ.

ಮಾಧ್ವರ ಪ್ರಕಾರ ನೋವು ನಲಿವುಗಳನ್ನು ಅರಿಯುವುದು ಒಳಗಿನ ಸಾಕ್ಷಿ. ಅದು ತಪ್ಪುವುದಿಲ್ಲ; ತಲೆ ನೋಯುತ್ತಿದೆ ಎನ್ನುವವನ ಜೊತೆ ವಾದಕ್ಕಿಳಿದು ಗೆಲ್ಲಲಾಗದು. ಆದರೆ ಸ್ವಲ್ಪ ಸ್ವಲ್ಪವೇ ಸೇರುವ ಸೀಸ ನೋಯಿಸುವುದಿಲ್ಲ. ಮಗು ಉಣ್ಣುತ್ತದೆ, ಆಡುತ್ತದೆ, ಕಲಿಯುವ ಶಕ್ತಿ ಮಾತ್ರ ಕುಂದುತ್ತದೆ. ಮೂಳೆಗಿಳಿದ ಸೀಸ ಅಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಬೆಂಗಳೂರಿನ ಜಾರ್ಜ್ ಫೌಂಡೇಶನ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅವರ ನೆರವಿನಿಂದ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿ, 1999ರಲ್ಲಿ ಫಲಿತಾಂಶ ಹೊರಗಿಟ್ಟಿತು. ಪರೀಕ್ಷೆಗೊಳಗಾದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ನೂರು ಮಿಲಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂಗೂ ಹೆಚ್ಚು ಸೀಸವಿತ್ತು. ಮರುವರ್ಷ ಸೀಸದ ಪೆಟ್ರೋಲ್ ದೇಶದಿಂದಲೇ ಹೊರಬಿತ್ತು.

ಆಂಧ್ರದ್ದೇ ಏಲೂರಿನಲ್ಲಿ 2020ರ ಡಿಸೆಂಬರ್‌ನಲ್ಲಿ ಆದದ್ದು ಇದರ ಇನ್ನೊಂದು ಮುಖ. ನೂರಾರು ಜನ ಫಿಟ್ಸ್ ಬಂದು ಕುಸಿದರು. ಸಂಕಟ ಎಲ್ಲರಿಗೂ ಗೊತ್ತು, ಕಾರಣ ಯಾರಿಗೂ ಗೊತ್ತಿಲ್ಲ. ದೆಹಲಿಯ ಏಮ್ಸ್ ರಕ್ತದ ಮಾದರಿಗಳಲ್ಲಿ ಸೀಸ, ನಿಕಲ್ ಕಂಡಿತು. ಕೀಟನಾಶಕದ ಮೇಲೂ ಅನುಮಾನ ಹೋಯಿತು.

ಹಾಗಾದರೆ ಲ್ಯಾಬಿನ ಮಾತೇ ಕೊನೆಯೇ? ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಮೂರಕ್ಕೂ ಒಂದೇ ಷರತ್ತು ಹಾಕಿದರು: ದೋಷವಿರಕೂಡದು. ಸೀಸದ ಪರೀಕ್ಷೆಯಷ್ಟು ಈ ಷರತ್ತಿಗೆ ತಲೆಬಾಗುವ ಕೆಲಸ ವಿರಳ. ಹುಡುಕುತ್ತಿರುವುದು ಎರಡು ಕೋಟಿ ಪಾಲಿನಲ್ಲಿ ಒಂದು ಪಾಲನ್ನು. ಮಗುವಿನ ಬೆರಳ ತುದಿಯ ಧೂಳು ಹನಿಗೆ ಬೆರೆತರೂ ಅಂಕಿ ಸುಳ್ಳೇ ಏರುತ್ತದೆ. ಅದಕ್ಕೇ ಲೋಹದ ಸೋಂಕಿಲ್ಲದ ಬೇರೆಯದೇ ಟ್ಯೂಬು, ಅದಕ್ಕೇ ರಕ್ತನಾಳದಿಂದ ಮತ್ತೊಮ್ಮೆ ರಕ್ತ. 2017ರಲ್ಲಿ ಅಮೆರಿಕದ ಎಫ್‌ಡಿಎ, ಒಂದು ಕಂಪನಿಯ ಯಂತ್ರಗಳು ರಕ್ತನಾಳದ ರಕ್ತದಲ್ಲಿ ಸೀಸವನ್ನು ಕಡಿಮೆ ತೋರಿಸುತ್ತಿರಬಹುದೆಂದು ಎಚ್ಚರಿಸಿ, ಮಕ್ಕಳ ಮರುಪರೀಕ್ಷೆಗೆ ಹೇಳಬೇಕಾಯಿತು.

ಪರೀಕ್ಷೆ ಮಾಡಿಸುವುದು ಅಪನಂಬಿಕೆಯ ಕೆಲಸವೆಂದು ಹಿಂಜರಿಯುವ ಭಕ್ತರಿಗೆ ಹೇಳಬೇಕಾದದ್ದಿದು: ತಿಳಿವನ್ನು ಮೊದಲು ನಂಬು, ಸಂಶಯ ಬಂದಾಗ ಪರೀಕ್ಷಿಸು ಎನ್ನುವುದು ರಾಯರ ಸಿದ್ಧಾಂತದ್ದೇ ಮಾತು. ಆ ಪರೀಕ್ಷೆಯ ಅಧಿಕಾರವೂ ಸಾಕ್ಷಿಯದ್ದೇ. ಸೀಸ ಸಾಕ್ಷಿಗೆ ಕಾಣದಿರಬಹುದು, ರಿಪೋರ್ಟನ್ನು ಎಷ್ಟು ನಂಬಬೇಕೆಂದು ತೀರ್ಮಾನಿಸುವುದು ಅದೇ. ಅಂಕಿ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸದ ಮೂಲ ಹುಡುಕಿ ತೆಗೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಆಗ ಗೋಡೆಯ ಹಳೆಯ ಬಣ್ಣ, ಹಳೆ ಬ್ಯಾಟರಿ ಒಡೆಯುವ ಅಂಗಳ, ಬಣ್ಣ ಬೆರೆಸಿದ ಅರಿಶಿನ, ದೇವರ ಮುಂದಿನ ಸಿಂಧೂರ, ಒಂದನ್ನೂ ಬಿಡದೆ ನೋಡಬೇಕು.